ನೌಕರಿ ಕ್ಲಾಸು, ಶಾವಿಗೆ ಮಷೀನು

ಮೂವರು ಸೊಸೆಯಂದಿರ ಮನೆ ನಡೆಸುತ್ತ, ಅದರ ಮೇಲೆ ಹನ್ನೆರಡು ಹುಡುಗಿಯರ ಕ್ಲಾಸೂ ನಡೆಸುವವಳು ನಗುವ ಪ್ರಸಂಗಗಳನ್ನು ಹುಡುಕಿಕೊಂಡು ಹೋಗಬೇಕಾಗಿಲ್ಲ. ಅವು ತಾವಾಗಿಯೇ ಬಂದು ಬಾಗಿಲು ಬಡಿಯುತ್ತವೆ. ನಾನು ಒಳಗೆ ಕರೆದು ವಹಿಯಲ್ಲಿ ಬರೆದುಕೊಳ್ಳುತ್ತೇನೆ, ಅಷ್ಟೇ. ಧಾರವಾಡದಲ್ಲಿ ಬಿ.ಎ. ಓದುವಾಗ ಹತ್ತಿದ ಅಭ್ಯಾಸ ಇದು. ಹಾಲಿನವನು ತಡಮಾಡಿದ ದಿನದಿಂದ ಹಿಡಿದು ಮೊಮ್ಮಗಳ ಮೊದಲ ಹಲ್ಲಿನ ತನಕ ಎಲ್ಲದಕ್ಕೂ ನನ್ನಲ್ಲಿ ದಾಖಲೆ ಇದೆ. "ಅತ್ತೀ, ಇದನ್ನೂ ಬರದಿಟ್ರ್ಯಾ?" ಎಂದು ಹಿರಿಯ ಸೊಸೆ ನಕ್ಕದ್ದಕ್ಕೂ ದಾಖಲೆ ಇದೆ.

ಎಂಬತ್ತರ ದಶಕ ಮುಗಿಯುತ್ತ ಬಂದಿತ್ತು. ಚಿಕ್ಕೋಡಿಯಲ್ಲಿ ನಮ್ಮ ಮಹಿಳಾ ಮಂಡಳಕ್ಕೆ ಒಂದು ಹಾಲ್ ಇತ್ತು. ಓದು ಮುಗಿಸಿ ಮನೆಯಲ್ಲಿ ಕುಳಿತ ಹುಡುಗಿಯರಿಗಾಗಿ ನಾನು ಅಲ್ಲಿ ಆರು ತಿಂಗಳ ಕ್ಲಾಸು ಶುರು ಮಾಡಿದೆ. ಟೈಪಿಂಗು, ಅರ್ಜಿ ಬರೆಯುವುದು, ಫೋನಿನಲ್ಲಿ ಮಾತಾಡುವುದು, ನಾಲ್ಕು ಜನರೊಂದಿಗೆ ಕೂಡಿ ಕೆಲಸ ಮಾಡುವುದು, ಸಂದರ್ಶನಕ್ಕೆ ಹೋಗುವುದು. ಊರ ಮಂದಿ ಅದಕ್ಕೆ "ನೌಕರಿ ಕ್ಲಾಸು" ಎಂದು ಹೆಸರಿಟ್ಟರು; ಪಾಠ ಹೇಳುವ ನಾನು ಎಲ್ಲರಿಗೂ "ಬಾಯಾರು" ಆದೆ. ಮಂಡಳದ ಅಧ್ಯಕ್ಷೆ ಹಾಲಿನ ಕೀಲಿಕೈ ಕೊಡುವಾಗ ಒಂದು ಷರತ್ತು ಹಾಕಿದರು.

"ಬಾಯಾರ, ಆರ ತಿಂಗಳದಾಗ ಒಬ್ಬಾಕಿಗರ ನೌಕರಿ ಹತ್ತಬೇಕು. ಇಲ್ಲಂದ್ರ ಇಲ್ಲಿ ಶಾವಿಗಿ ಮಷೀನ್ ನಡಸ್ತೀವಿ. ಅದರಾಗಿಂದ ಶಾವಿಗಿ ಅಂತೂ ಹೊರಗ ಬರತಾವ."

ಮಷೀನನ್ನು ಆಗಲೇ ಕೊಂಡು ತಂದು, ಗೋಣಿ ತಟ್ಟು ಹೊದಿಸಿ ಮೂಲೆಯಲ್ಲಿ ಇಟ್ಟಿದ್ದರು. ಪಾಠ ಮಾಡುವಾಗ ಅದು ನನ್ನ ಬೆನ್ನ ಹಿಂದೆ ಇರುತ್ತಿತ್ತು. ಹುಡುಗಿಯರ ಕಣ್ಣಿಗೆ ಮಾತ್ರ ಸದಾ ಎದುರಿಗೇ.

೧. ಮುಂದಾಳು ಯಾರು?

ಮೊದಲ ವಾರದ ಪಾಠ ಮುಂದಾಳುತನದ ಬಗ್ಗೆ. ಮುಂದಾಳಿನ ಏಳು ಗುಣಗಳನ್ನು ಕರಿ ಫಳಿಯ ಮೇಲೆ ಬರೆದು, "ನಿಮ್ಮ ಮನೆಯಲ್ಲಿ ಮುಂದಾಳು ಯಾರು?" ಎಂದು ಕೇಳಿದೆ. ಒಬ್ಬಳು ಅಪ್ಪ ಎಂದಳು, ಒಬ್ಬಳು ಅಜ್ಜಿ ಎಂದಳು. ಪಾಲಬಾವಿಯಿಂದ ರಾಯಬಾಗಕ್ಕೆ ಬಂದು, ಅಲ್ಲಿಂದ ಇನ್ನೊಂದು ಬಸ್ಸು ಹಿಡಿದು ಬರುತ್ತಿದ್ದ ಹುಡುಗಿ ಎದ್ದು ನಿಂತು, "ಎಮ್ಮಿರಿ" ಎಂದಳು.

ಎಲ್ಲರೂ ನಕ್ಕರು. ಅವಳು ನಗಲಿಲ್ಲ.

"ನಗಬ್ಯಾಡ್ರಿ ಬಾಯಾರ, ಖರೇನ ಹೇಳಾಕತ್ತೀನಿ. ಅದು ಎದ್ದ ಮ್ಯಾಲ ನಾವು ಏಳೂದು. ಅದು ಹಾಲ ಕೊಟ್ಟ ಮ್ಯಾಲ ನಮಗ ಚಹಾ. ಅದು ಒದ್ದ ದಿನ ಅಪ್ಪನೂ ದನಿ ಎತ್ತೂದಿಲ್ಲ, ಅವ್ವನೂ ಎತ್ತೂದಿಲ್ಲ. ಅದಕ್ಕ ಮೈ ಸರಿ ಇಲ್ಲಂದ್ರ ಯಾರೂ ಲಗ್ನಕ್ಕ ಸುದ್ದಾ ಹೋಗೂದಿಲ್ರಿ."

"ಕುಂಡ್ರು" ಎಂದೆ. ಆದರೆ ಎಲ್ಲರೂ ಹೋದ ಮೇಲೆ ಫಳಿಯ ಮುಂದೆ ನಿಂತು ಆ ಏಳು ಗುಣಗಳನ್ನು ಒಂದೊಂದಾಗಿ ನೋಡಿದೆ. ತಾಳ್ಮೆ, ಹೊತ್ತಿಗೆ ಸರಿಯಾಗಿ ನಡೆಯುವುದು, ಕಡಿಮೆ ಮಾತು, ತನ್ನದನ್ನು ಉಳಿದವರಿಗೆ ಕೊಡುವುದು... ಎಮ್ಮೆಗೆ ಏಳರಲ್ಲಿ ಐದು ಒಪ್ಪುತ್ತಿದ್ದವು.

ನನಗೆ ನಾಲ್ಕು.

೨. ಕೂಡಿ ಬರೆದ ರಜೆ ಅರ್ಜಿ

ಹನ್ನೆರಡು ಹುಡುಗಿಯರಿಗೆ ಇದ್ದದ್ದು ಒಂದೇ ಟೈಪ್‌ರೈಟರು. ಹೀಗಾಗಿ ಕೂಡಿ ಕೆಲಸ ಮಾಡುವ ಪಾಠಕ್ಕೆ ಇದಕ್ಕಿಂತ ಒಳ್ಳೆಯ ಸಾಧನ ಬೇಕಿರಲಿಲ್ಲ. "ಒಂದು ರಜೆ ಅರ್ಜಿ ತಯಾರಿಸಿ. ಒಬ್ಬಳೇ ಹೊಡೆಯಬಾರದು, ಎಲ್ಲರೂ ಕೂಡಿ ಮುಗಿಸಬೇಕು. ಯಾರನ್ನೂ ಬಿಡಕೂಡದು" ಎಂದು ಹೇಳಿ ಅಂಚೆ ಕಚೇರಿಗೆ ಹೋಗಿ ಬಂದೆ.

ಅರ್ಜಿ ಸಿದ್ಧವಾಗಿತ್ತು. ಅದರ ನಕಲು ಈಗಲೂ ನನ್ನ ವಹಿಯಲ್ಲಿದೆ: "ನನಗೆ ಚಳಿಜ್ವರ ಬಂದಿರುವುದರಿಂದಲೂ, ನಮ್ಮ ಅಕ್ಕನ ನಿಶ್ಚಯ ಇರುವುದರಿಂದಲೂ, ಎಮ್ಮೆ ಈಯುವ ದಿನ ಹತ್ತಿರ ಬಂದಿರುವುದರಿಂದಲೂ, ಸೋದರಮಾವ ಗಾಡಿಯಿಂದ ಬಿದ್ದಿರುವುದರಿಂದಲೂ, ಮನೆಗೆ ಸುಣ್ಣ ಹಚ್ಚುವುದಿರುವುದರಿಂದಲೂ..." ಹೀಗೆ ಹನ್ನೆರಡು ಕಾರಣಗಳಾದ ಮೇಲೆ, "ದಯವಿಟ್ಟು ಒಂದು ದಿನದ ರಜೆ ಮಂಜೂರು ಮಾಡಬೇಕು."

"ಇದೇನ್ರೆ ಇದು?" ಎಂದೆ.

ಶೇಡಬಾಳದ ಹುಡುಗಿ ಮಾತಿನಲ್ಲಿ ಚುರುಕು. ಅವಳು ಹೇಳಿದಳು: "ಯಾರನ್ನೂ ಬಿಡಬಾರದು ಅಂದ್ರಲ್ರಿ. ಎಲ್ಲಾರ ತ್ರಾಸೂ ಹಾಕೀವ್ರಿ."

ನಾನು ಸಿಟ್ಟಿಗೇಳಬೇಕಿತ್ತು, ಏಳಲಾಗಲಿಲ್ಲ. ಇವರೆಲ್ಲ ಚಿಕ್ಕವರಿದ್ದಾಗಿನಿಂದ ಹೊಲದಲ್ಲಿ ಕಳೆ ತೆಗೆದವರು. ಅಲ್ಲಿ ಒಬ್ಬಳು ಹಿಂದೆ ಬಿದ್ದರೆ ಪಕ್ಕದವಳು ಅವಳ ಸಾಲನ್ನೂ ಮುಗಿಸಿ ಮುಂದೆ ಹೋಗುತ್ತಾಳೆ. ಅದನ್ನು ಯಾರೂ ಫಳಿಯ ಮೇಲೆ ಬರೆದು ಕಲಿಸಿದ್ದಲ್ಲ. ನಾನು ಕಲಿಸಬೇಕಾಗಿದ್ದದ್ದು ಕೂಡಿ ಕೆಲಸ ಮಾಡುವುದನ್ನಲ್ಲ, ಹಾಳೆಯ ಮೇಲೆ ಎಲ್ಲಿ ನಿಲ್ಲಿಸಬೇಕು ಎಂಬುದನ್ನು.

"ಇಷ್ಟೆಲ್ಲ ಆದರೂ ಒಂದೇ ದಿನದ ರಜೆ ಸಾಕೇ?" ಎಂದು ಕೇಳಿದೆ.

"ಜಾಸ್ತಿ ಕೇಳಿದ್ರ ಸಾಹೇಬ್ರಿಗೆ ಸಂಶೆ ಬರತೈತ್ರಿ" ಎಂದಳು.

೩. ತಾಯಿ ಊರಾಗ ಅದಾರ

ಐದನೆಯ ತಿಂಗಳು. ಇನ್ನೂ ಯಾರಿಗೂ ಕೆಲಸ ಸಿಕ್ಕಿರಲಿಲ್ಲ. ಅಧ್ಯಕ್ಷೆ ಒಮ್ಮೆ ಬಂದು ಮಷೀನಿಗೆ ಎಣ್ಣೆ ಬಿಟ್ಟು ಹೋಗಿದ್ದರು. ಆ ಹೊತ್ತಿಗೆ ನಿಪ್ಪಾಣಿಯ ಒಬ್ಬ ತಂಬಾಕಿನ ವ್ಯಾಪಾರಿಗೆ ಟೈಪಿಂಗ್ ಬಲ್ಲ ಹುಡುಗಿ ಬೇಕಾಗಿದ್ದಾಳೆಂದು ತಿಳಿದು ಕಾಗದ ಬರೆದೆ. ನಮ್ಮ ಹಾಲಿಗೆ ಫೋನ್ ಇರಲಿಲ್ಲ. ಪಕ್ಕದ ಕಿರಾಣಿ ಅಂಗಡಿಯ ನಂಬರು ಕೊಟ್ಟಿದ್ದೆ.

ಫೋನ್ ಬಂದ ದಿನ ನಾನು ಇರಲಿಲ್ಲ. ಅಂಗಡಿಯವರು ಕೂಗಿದಾಗ ಓಡಿದವಳು ಪಾಲಬಾವಿಯ ಹುಡುಗಿ. ಬೆಂಕಿಪೊಟ್ಟಣ ಕಿವಿಗೆ ಹಿಡಿದು ಹತ್ತು ಸಲ ರೂಢಿ ಮಾಡಿದ್ದಳು. ಖರೇ ಫೋನು ಹಿಡಿದದ್ದು ಅದೇ ಮೊದಲು. ಅತ್ತ ವ್ಯಾಪಾರಿ ಮರಾಠಿಯಲ್ಲಿ, "ತಾಯೀ ಆಹೇತ ಕಾ?" ಎಂದರು. ಮರಾಠಿ ಮಾತಾಡುವವರು ನನ್ನನ್ನು ಹಾಗೆಯೇ ಕರೆಯುವುದು. ತಾಯೀ ಎಂದರೆ ಅಕ್ಕ; ಅಕ್ಕ ಇದ್ದಾರೆಯೇ ಎಂದು ಅವರು ಕೇಳಿದ್ದು. ಇವಳಿಗೆ ಮರಾಠಿ ಅಷ್ಟಕ್ಕಷ್ಟೆ.

"ತಾಯಿ ಊರಾಗ ಅದಾರ್ರಿ" ಎಂದಳು.

ವ್ಯಾಪಾರಿ ತಮ್ಮ ಕನ್ನಡಕ್ಕೆ ಬಂದರು. "ಯಾವ ಊರಾಗ?"

"ಪಾಲಬಾವ್ಯಾಗ್ರಿ."

"ಯಾವಾಗ ಬರತಾರ?"

"ಬರೂದಿಲ್ರಿ. ಎಮ್ಮಿ ಯಾರ ಹಿಂಡಬೇಕು?"

ಬಿ.ಎ. ಆದ ಬಾಯಾರು ಊರಲ್ಲಿ ಎಮ್ಮೆ ಹಿಂಡುತ್ತ ಕುಳಿತಿದ್ದಾರೆಂದರೆ ಗುಣವಂತೆಯೇ ಇರಬೇಕೆಂದು ವ್ಯಾಪಾರಿ ಮರುದಿನ ತಮ್ಮ ಗುಮಾಸ್ತರನ್ನು ಪಾಲಬಾವಿಗೇ ಕಳಿಸಿದರು. ಗುಮಾಸ್ತರು ಚಿಕ್ಕೋಡಿಯ ನೌಕರಿ ಕ್ಲಾಸಿನವರ ಮನೆ ಯಾವುದೆಂದು ವಿಚಾರಿಸಿಕೊಂಡು ಹುಡುಕಿ, "ನಿಮ್ಮಲ್ಲಿ ಓದಿದ ಹುಡಿಗಿ ಅದಾಳಂತ. ನಮಗ ಬೇಕಾಗ್ಯಾಳ್ರಿ" ಎಂದರು. ಹುಡುಗಿಯ ತಾಯಿ ಚಾಪೆ ಹಾಸಿ, ಚಹಾ ಕೊಟ್ಟು, ಸೆರಗು ಸರಿಮಾಡಿಕೊಂಡು ಕುಳಿತರು.

"ಹುಡುಗ ಏನ ಮಾಡತಾನ್ರಿ?"

"ಹುಡುಗ ಯಾರೂ ಇಲ್ರಿ. ನಮ್ಮ ಸಾವಕಾರ್ರಿಗೇ ಬೇಕು."

"ಎಷ್ಟು ವಯಸ್ಸ ಅವರಿಗೆ?"

"ಅರವತ್ತು ದಾಟೇತ್ರಿ. ಆದ್ರ ದಿನಾ ಆಫೀಸಿಗೆ ಬರತಾರ್ರಿ."

ನಡೆದದ್ದನ್ನು ಕೇಳಿ ನಾನು ನಿಪ್ಪಾಣಿಗೆ ಓಡಿದೆ. ಅಷ್ಟರಲ್ಲಿ ಆ ಕೆಲಸಕ್ಕೆ ಬೇರೆಯವರು ಬಂದಾಗಿತ್ತು. ಪಾಲಬಾವಿಯ ಹುಡುಗಿ ಎರಡು ದಿನ ಯಾರ ಮುಖವನ್ನೂ ನೋಡಲಿಲ್ಲ. "ನನ್ನಿಂದ ಎಲ್ಲಾರ ಕ್ಲಾಸೂ ಹೋಗತೈತ್ರಿ" ಎಂದು ಕಣ್ಣೀರು ತೆಗೆದಳು. ನಾನು ಅವಳಿಗೆ ಹೇಳಿದೆ: ತಪ್ಪು ನಿನ್ನದಲ್ಲ, ಎರಡು ಭಾಷೆಗಳ ನಡುವೆ ಕುಳಿತ ಒಂದು ಶಬ್ದದ್ದು.

ಗುಮಾಸ್ತರಿಗೆ ಮಾತ್ರ ಬೇರೆಯದೇ ದುಃಖವಿತ್ತು. "ತಾಯೀ, ಬೈದದ್ದು ಬೈದರು, ಹೋಗ್ಲಿ. ಅರ್ಧಾ ಕುಡದ ಚಹಾ ಕೈಯಾಗಿಂದ ಕಸಗೊಂಡ್ರಲ್ರಿ!"

೪. ಯಾವಾಗ?

ಆರನೆಯ ತಿಂಗಳ ಕೊನೆಗೆ ಕೃಷ್ಣೆಯ ದಂಡೆಯ ಕಡೆಯ ಒಂದು ಸಕ್ಕರೆ ಕಾರ್ಖಾನೆಯಿಂದ ಸಂದರ್ಶನದ ಕರೆ ಬಂತು. ಇದು ಕೈತಪ್ಪಿದರೆ ಮುಂದೆ ಶಾವಿಗೆಯೇ. ಅಲ್ಲಿಯ ಸಾಹೇಬರು ದೆಹಲಿ ಕಡೆಯವರು, ಕನ್ನಡ ಬಾರದವರು. ಇಂಗ್ಲಿಷಿನಲ್ಲೇ ಕೇಳುತ್ತಾರೆಂದು ತಿಳಿಯಿತು. ನಾನು ಹುಡುಗಿಯರಿಗೆ ಒಂದು ಸೂತ್ರ ಹೇಳಿಕೊಟ್ಟೆ. ಅದು ನನ್ನ ಅಕ್ಷರದಲ್ಲೇ ವಹಿಯಲ್ಲಿದೆ: "ಗಾಬರಿಯಾಗಬಾರದು. ಮನೆಯಲ್ಲಿ ಆಡುವ ಮರ್ಯಾದೆಯ ಮಾತನ್ನೇ ಇಂಗ್ಲಿಷಿನಲ್ಲಿ ಆಡಬೇಕು."

ಸಂದರ್ಶನದ ದಿನ ಪಾಲಬಾವಿಯ ಹುಡುಗಿ ಸಾಹೇಬರ ಕೋಣೆಯೊಳಗೆ ಹೋಗಿ ಹತ್ತು ನಿಮಿಷದಲ್ಲಿ ಹೊರಗೆ ಬಂದಳು. "ಛಲೋ ಆತ್ರಿ. ಬರ್ತೀನಿ ಅಂತ ಹೇಳಿ ಬಂದೀನ್ರಿ" ಎಂದಳು. ನಮ್ಮಲ್ಲಿ ಎದ್ದು ಹೊರಟವರು ಹೋಗ್ತೀನಿ ಎನ್ನುವುದಿಲ್ಲ, ಅದು ಅಶುಭ. ಬರ್ತೀನಿ ಎಂದೇ ಹೇಳುವುದು. ಹೀಗಾಗಿ ನಾನು ಅದರತ್ತ ಲಕ್ಷ್ಯ ಕೊಡಲಿಲ್ಲ.

ಶನಿವಾರ ಅವಳು ಬಂದು ರಜೆ ಕೇಳಿದಳು. ಈ ಸಲ ಕಾರಣ ಒಂದೇ.

"ಸೋಮವಾರ ಕ್ಲಾಸಿಗೆ ಬರೂದಿಲ್ರಿ ಬಾಯಾರ. ಕಾರ್ಖಾನಿಗೆ ಹೋಗಬೇಕು."

"ಯಾಕ? ಅವರು ಕರದಾರೇನು?"

"ಸಾಹೇಬ್ರು 'ಯೂ ಮೇ ಗೋ' ಅಂದ್ರು. ನಾ ಮರ್ಯಾದಿಲೆ 'ಐ ವಿಲ್ ಕಮ್, ಸರ್' ಅಂದೆ. ಅವರು 'ವೆನ್?' ಅಂದ್ರು. ನಮ್ಮ ಮನ್ಯಾಗೂ ಹಿರ್ಯಾರು ಹಂಗ ಕೇಳತಾರಲ್ರಿ, ಮತ್ಯಾವಾಗ ಬರ್ತಿ ಅಂತ. 'ಮಂಡೇ, ಸರ್' ಅಂದೆ. 'ಓಕೆ, ಓಕೆ' ಅಂದ್ರು."

ನಾನು ಹಣೆಗೆ ಕೈ ಹಚ್ಚಿಕೊಂಡೆ. ಅವರು ಕರೆದಿಲ್ಲ, ಬರೇ ಬೆರಗಾಗಿ ಕೇಳಿದ್ದಾರೆ ಎಂದು ತಿಳಿಸಿ ಹೇಳಿದೆ. ಅವಳು, "ಖರೇ ಇರಬೇಕ್ರಿ. ಆದ್ರ ಬರ್ತೀನಿ ಅಂದೀನಲ್ರಿ. ಹೋಗಲಿಲ್ಲಂದ್ರ ಹೆಂಗ?" ಎಂದಳು.

ಆರು ತಿಂಗಳು ನೌಕರಿಗೆ ಬೇಕಾದದ್ದನ್ನೆಲ್ಲ ಕಲಿಸುತ್ತಿದ್ದೇನೆ ಎಂದುಕೊಂಡಿದ್ದೆ. ಬರ್ತೀನಿ ಎಂದ ಮೇಲೆ ಹೋಗಲೇಬೇಕೆಂಬುದು ನನ್ನ ಯಾವ ಪಾಠದಲ್ಲೂ ಇರಲಿಲ್ಲ. ಸೋಮವಾರ ಬೆಳಿಗ್ಗೆ ನಾನೂ ಅವಳ ಜೊತೆ ಬಸ್ಸು ಹತ್ತಿದೆ. ಮರುದಿನ ಮಂಗಳವಾರ ಹಾಲಿನ ಕೀಲಿಕೈ ಒಪ್ಪಿಸುವುದಿತ್ತು.

ಕಾರ್ಖಾನೆಯ ಹೆಡ್ ಕ್ಲಾರ್ಕ್ ಅವಳನ್ನು ನೋಡಿ, "ಯಾರ ಬಾ ಅಂದಾರವಾ ನಿನಗ?" ಎಂದರು. ಅವಳು ಇದ್ದದ್ದನ್ನು ಇದ್ದ ಹಾಗೆ ಹೇಳಿದಳು. ಅವರು ಒಳಗೆ ಹೋದರು. ಬಾಗಿಲ ಹಿಂದೆ ಸಾಹೇಬರು ದೊಡ್ಡ ದನಿಯಲ್ಲಿ ನಗುವುದು ಕೇಳಿಸಿತು. ಹುಡುಗಿ ನನ್ನ ಕೈ ಬಿಗಿಯಾಗಿ ಹಿಡಿದುಕೊಂಡಳು. ಹೆಡ್ ಕ್ಲಾರ್ಕ್ ಕಣ್ಣೊರೆಸಿಕೊಳ್ಳುತ್ತ ಹೊರಗೆ ಬಂದರು.

"ಬಾಯಾರ, ಸಾಹೇಬ್ರು ಏನಂದ್ರು ಗೊತ್ತೇನ್ರಿ? ಫ್ಯಾನ್ ರಿಪೇರಿಯವ ಸೋಮವಾರ ಬರ್ತೀನಂದ, ಬರಲಿಲ್ಲ. ಬಡಿಗ್ಯಾ ಸೋಮವಾರ ಬರ್ತೀನಂದ, ಬರಲಿಲ್ಲ. ಹೆಡ್ ಕ್ಲಾರ್ಕ್, ಅಂದ್ರ ನಾ, ರಜಾಕ್ಕ ಹೋಗಿ ಸೋಮವಾರ ಬರ್ತೀನಂದು ಗುರುವಾರ ಬಂದೆ. ಸೋಮವಾರ ಅಂತ ಹೇಳಿ ಸೋಮವಾರ ಬಂದಾಕಿ ಈ ಆಫೀಸಿನ್ಯಾಗ ಈಕಿ ಒಬ್ಬಾಕಿನ ಅಂತ! ಟೈಪ್ ಮಷೀನ್ ಮುಂದ ಕುಂಡ್ರಸ್ರಿ, ಟೈಪಿಂಗ್ ನೋಡೂಣು ಅಂದ್ರು."

ಟೈಪಿಂಗ್ ನೋಡಿದರು. ಕಬ್ಬು ಅರೆಯುವ ಹಂಗಾಮು ಮುಗಿಯುವ ತನಕ ಎಂದು ತೆಗೆದುಕೊಂಡರು; ಮುಂದಿನ ಹಂಗಾಮಿಗೆ ಕಾಯಂ ಆಯಿತು.

ಮಂಗಳವಾರ ಅಧ್ಯಕ್ಷೆ ಇಬ್ಬರು ಹಮಾಲರನ್ನು ಕರೆದುಕೊಂಡು ಮಷೀನನ್ನು ಹಾಲಿನ ನಡುವೆ ಇಡಿಸಲು ಬಂದರು. ನಾನು ಕೀಲಿಕೈಯ ಜೊತೆ ನೌಕರಿಯ ಕಾಗದವನ್ನೂ ಅವರ ಕೈಗೆ ಕೊಟ್ಟೆ. ಎರಡು ಸಲ ಓದಿದರು. ಮನಸ್ಸು ದೊಡ್ಡದು ಅವರದು, ಕೀಲಿಕೈ ನನ್ನ ಕೈಗೇ ಮರಳಿ ಕೊಟ್ಟು, "ಹಾಲ್ ನಿಮ್ಮದ ಆತು ಬಾಯಾರ. ಮಷೀನ್ ಒಯ್ಯಾಕ ಬ್ಯಾರೆ ಜಾಗಾ ನೋಡ್ತೀನಿ. ಆತು, ಬರ್ತೀನ್ರಿ" ಎಂದು ಬಾಗಿಲತ್ತ ನಡೆದರು.

ನನ್ನ ಹಿಂದಿನಿಂದ ಹನ್ನೊಂದು ಹುಡುಗಿಯರು ಒಂದೇ ದನಿಯಲ್ಲಿ ಕೇಳಿದರು: "ಯಾವಾಗ್ರೀ?"

ಅಧ್ಯಕ್ಷೆ ಹಿಂದುಮುಂದು ನೋಡದೆ, "ಸೋಮವಾರ" ಎಂದುಬಿಟ್ಟರು.

ಮುಂದಿನ ವಾರದ ಪುಟ ನನ್ನ ವಹಿಯಲ್ಲಿ ಹೀಗಿದೆ: "ಸೋಮವಾರ. ಹಾಜರಿ ಹನ್ನೊಂದು. ಅಧ್ಯಕ್ಷರು ಬರಲಿಲ್ಲ. ಶಾವಿಗೆ ಮಷೀನು ಹಾಜರು."