ಮೂರು ದೇಶ, ಒಂದು ಟೂರು

ಶ್ರೀಪಾದ ತನ್ನ ಪಂಗಾನಿ ಬಡಾವಣೆಯ ನೆರೆಹೊರೆಯವರಿಗೆ, "ಸುಮ್ಮನೆ ಬಂದು ಕೂತ್ಕೊಳ್ಳಿ, ಸಾಕು" ಎಂದದ್ದೇ ತಪ್ಪಾಯಿತು. ಸುಮ್ಮನೆ ಕೂರುವವರು ಅವನ ಮನೆಯಿದ್ದ ಕಟ್ಟಡದಲ್ಲಿ ಒಬ್ಬರೂ ಇರಲಿಲ್ಲ.

ಅವನು ನೈರೋಬಿಯ ಒಂದು ಟ್ರಾವೆಲ್ ಕಂಪನಿಯ ಮ್ಯಾನೇಜರ್. ಈಜಿಪ್ಟ್, ಜೋರ್ಡನ್, ಲೆಬನಾನ್‌ಗಳಿಂದ ಒಬ್ಬೊಬ್ಬರಂತೆ ಪ್ರವಾಸೋದ್ಯಮದ ಮೂವರು ಪ್ರತಿನಿಧಿಗಳು ಅಂದು ಆಫೀಸಿಗೆ ಬರುವವರಿದ್ದರು. ಒಬ್ಬರ ಪ್ರವಾಸಿಗರನ್ನು ಇನ್ನೊಬ್ಬರು ಕಸಿಯುವ ಬದಲು ಮೂವರೂ ಸೇರಿ ಒಂದೇ ಟೂರು ನಡೆಸಬೇಕೆಂಬುದು ಅವರ ಹೊಸ ಯೋಜನೆ. ಇಲ್ಲಿನ ಭಾರತೀಯರಿಗೆ ಏನು ಬೇಕೆಂದು ಅವರ ಬಾಯಿಂದಲೇ ಕೇಳಬೇಕಿತ್ತು; ಅದಕ್ಕೇ ನೆರೆಹೊರೆಯವರನ್ನು ಆಫೀಸಿಗೆ ಕರೆತಂದಿದ್ದ. ಯೋಜನೆ ಕುದುರಿದರೆ ಮೊದಲ ತಂಡವನ್ನು ಕರೆದೊಯ್ಯುವವನು ಶ್ರೀಪಾದ. ಪಿರಮಿಡ್ಡಿನ ಒಳಗೆ ಗಾಳಿ ಎಲ್ಲಿಂದ ಬರುತ್ತದೆ ಎಂಬ ಕುತೂಹಲ ಅವನಿಗೆ ಚಿಕ್ಕಂದಿನಿಂದಲೂ ಇತ್ತು.

ಜೋರ್ಡನ್ನಿನವರು ಬಂಡೆಯಲ್ಲಿ ಕೊರೆದ ಗುಲಾಬಿ ಬಣ್ಣದ ಪಟ್ಟಣದ ಚಿತ್ರ ತೋರಿಸಿದರು. ಮೇಲಿನ ಮನೆಯ ಜಯಲಕ್ಷ್ಮಮ್ಮ ಕನ್ನಡಕ ಸರಿಮಾಡಿಕೊಂಡರು.

"ಒಳಗೆ ಜನ ಇದ್ರೇನೋ ಶ್ರೀಪಾದ? ಒಲೆ ಎಲ್ಲಿ ಹಚ್ತಿದ್ರು? ಹೊಗೆ ಎಲ್ಲಿಂದ ಹೋಗ್ತಿತ್ತು ಕೇಳು."

ಶ್ರೀಪಾದ ಇಂಗ್ಲಿಷಿನಲ್ಲಿ ಕೇಳಿದ. ಜೋರ್ಡನ್ನಿನವರು ಹೊಸ ಅಳಿಯನಂತೆ ತಡವರಿಸಿದರು.

"ಅದಿರ್ಲಿ, ನಾವು ಸಸ್ಯಾಹಾರಿಗಳು. ಅಲ್ಲಿ ತಿನ್ನೋಕೇನು ಸಿಗತ್ತೆ?" ಎಂದಳು ಶ್ರೀಪಾದನ ಹೆಂಡತಿ ವಿನೋದಿನಿ.

"ಫಲಾಫೆಲ್!" ಮೂವರೂ ಒಟ್ಟಿಗೆ ಹೇಳಿದರು. ಕಾಳು ರುಬ್ಬಿ ಕರಿದ ಉಂಡೆ, ತುಂಬ ರುಚಿ ಎಂದು ಶ್ರೀಪಾದ ವಿವರಿಸಿದ.

"ನಮ್ಮ ದೇಶದ್ದು," ಎಂದು ಈಜಿಪ್ಟಿನವರು ಸೇರಿಸಿದರು.

"ನಿಮ್ಮದರಲ್ಲಿ ಕಡಲೆಯೇ ಇರುವುದಿಲ್ಲ!" ಎಂದರು ಲೆಬನಾನಿನವರು. ಜೋರ್ಡನ್ನಿನವರು ಎದ್ದೇ ನಿಂತರು. ಇಂಗ್ಲಿಷ್ ಹೋಗಿ ಅರಬ್ಬಿ ಬಂತು. ಮೇಜು ಗುದ್ದಿದ ಸದ್ದಿಗೆ ಮೇಲಧಿಕಾರಿ ಸಿಲ್ವಿಯಾ ಬಾಗಿಲಲ್ಲಿ ಕಾಣಿಸಿಕೊಂಡು, "ಎಲ್ಲಾ ಸವಾ? ಸರಿಯಿದೆಯಾ?" ಎಂದಳು. ಶ್ರೀಪಾದನ ನಗು ಒಣಗಿದ ಚಪಾತಿಯಂತೆ ಮುರುಟಿಕೊಂಡಿತ್ತು.

"ಬಿಡ್ರೀ, ನಾನು ಮಸ್ಕತ್‌ನಲ್ಲಿ ಇದ್ದೋನು," ಎಂದು ಪಕ್ಕದ ಮನೆಯ ವಿಠ್ಠಲ ಎದ್ದು ಅರಬ್ಬಿಯಲ್ಲಿ ಒಂದು ಮಾತು ಹೇಳಿದ. ಗಲಾಟೆ ಇಮ್ಮಡಿಯಾಯಿತು.

"ಏನಂದ್ರಿ ಮಾರಾಯ್ರೆ?" ಎಂದ ಶ್ರೀಪಾದ.

"ಮೂರೂ ಒಂದೇ ರುಚಿ ಅಂದೆ, ಅಷ್ಟೆ."

ಹೋಟೆಲಿಗೆ ಹೇಳಿದ್ದ ಊಟ ಟ್ರಾಫಿಕ್ಕಿನಲ್ಲಿ ಸಿಕ್ಕಿಕೊಂಡಿತ್ತು. ಹೊರಗಿನ ತಿಂಡಿಯನ್ನು ನಂಬದ ವಿನೋದಿನಿ ಬುತ್ತಿ ತಂದಿದ್ದಳು. ಹಸಿದವರಿಗೆ ಸಿಟ್ಟು ಜಾಸ್ತಿ ಎಂದುಕೊಂಡು ಡಬ್ಬಿಯ ಮುಚ್ಚಳ ತೆಗೆದು ಅವರ ಮುಂದೆ ಮಸಾಲೆ ವಡೆ ಇಟ್ಟಳು.

ಈಜಿಪ್ಟಿನವರು ಒಂದು ಕಚ್ಚಿದರು. ಮಾತು ನಿಂತಿತು. ಲೆಬನಾನಿನವರು ಎರಡು ತೆಗೆದುಕೊಂಡರು. ಜೋರ್ಡನ್ನಿನವರು ಡಬ್ಬಿಯನ್ನೇ ತಮ್ಮ ಕಡೆಗೆ ಎಳೆದುಕೊಂಡರು.

"ಇದರಲ್ಲಿ ಏನಿದೆ?"

"ಕಡಲೆಬೇಳೆ, ಶುಂಠಿ, ಸಬ್ಬಸಿಗೆ," ಎಂದಳು ವಿನೋದಿನಿ.

ಮೂವರೂ ತಲೆಗೆ ತಲೆ ಸೇರಿಸಿ ಪಿಸುಗುಟ್ಟಿದರು, ಕೊನೆಗೆ ಕೈ ಕುಲುಕಿಕೊಂಡರು. ಟೂರು ಖಚಿತ! ಶ್ರೀಪಾದನ ಎದೆ ಪೂರಿಯಂತೆ ಉಬ್ಬಿತು.

ಮೂವರೂ ಬರೆದುಕೊಟ್ಟ ತೀರ್ಮಾನವನ್ನು ಸಿಲ್ವಿಯಾ ಓದಿ ಹೇಳಿದಳು. "ಟೂರಿಗೆ ಮೊದಲು ಅವರ ಹೋಟೆಲಿನವರು ನಿಮ್ಮ ಅಡುಗೆ ಕಲಿಯಬೇಕಂತೆ. ಮೂರೂ ದೇಶದಿಂದ ಒಬ್ಬೊಬ್ಬ ಬಾಣಸಿಗ ಬರುತ್ತಾನೆ. ತರಬೇತಿ ನಿಮ್ಮ ಮನೆಯಲ್ಲೇ ಶ್ರೀಪಾದ, ನಿಮ್ಮ ಹೆಂಡತಿಯವರಿಂದ."

"ಒಳ್ಳೇದೇ," ಎಂದ ಶ್ರೀಪಾದ. "ನಾನು ತಂಡದ ಜೊತೆ ಹೋದಾಗ—"

"ನೀವು ಹೋದರೆ ಆಕೆಯ ಕನ್ನಡವನ್ನು ಅವರಿಗೆ ಇಂಗ್ಲಿಷಿನಲ್ಲಿ ಹೇಳುವವರು ಯಾರು? ಟೂರು ಹೊರಟ ಮೇಲೂ ಹೊಸ ಬಾಣಸಿಗರು ಬರುತ್ತಲೇ ಇರುತ್ತಾರೆ. ತಂಡವನ್ನು ಅರಬ್ಬಿ ಬಲ್ಲ ಮಿಸ್ಟರ್ ವಿಠ್ಠಲ ಕರೆದೊಯ್ಯುತ್ತಾರೆ."

ವಿಠ್ಠಲ ಎದ್ದು ಎಲ್ಲರಿಗೂ ಕೈಮುಗಿದ. ಜಯಲಕ್ಷ್ಮಮ್ಮ ಚಪ್ಪಾಳೆ ತಟ್ಟಿದರು. ವಿನೋದಿನಿ ಆಗಲೇ ಸೆರಗು ಸಿಕ್ಕಿಸಿಕೊಂಡಿದ್ದಳು.

"ರೀ, ಬರೋರಿಗೆ ಈರುಳ್ಳಿ ಹೆಚ್ಚೋಕಾದ್ರೂ ಬರತ್ತಾ, ಕೇಳಿ."

ಶ್ರೀಪಾದ ಮೂವರ ಕಡೆಗೆ ತಿರುಗಿ ಕೇಳಿದ.

"ಈರುಳ್ಳಿ ಹೆಚ್ಚುವುದರಲ್ಲಿ," ಎಂದು ಈಜಿಪ್ಟಿನವರು ಎದ್ದು ನಿಂತರು, "ನಮ್ಮ ದೇಶವನ್ನು ಮೀರಿಸುವವರಿಲ್ಲ."

ಉಳಿದ ಇಬ್ಬರೂ ಕುರ್ಚಿ ಹಿಂದಕ್ಕೆ ತಳ್ಳಿದರು.