ಮಾವನ ಹಗುರ ಕೋವಿ

"ಅಮ್ಮಾ, ಅಜ್ಜ ಕೋವಿ ಹಿಡ್ಕಂಡದ್ದೋ, ಕೋವಿ ಅಜ್ಜನ್ನ ಹಿಡ್ಕಂಡದ್ದೋ?"

ಐದು ವರ್ಷದ ಸ್ವಾತಿ ಕೇಳಿದ್ದಕ್ಕೆ ಮನಿಷಾ ಅಂಗಳಕ್ಕೆ ಇಣುಕಿ ನೋಡಿದಳು. ಅನುಮಾನ ಬರುವಂತೆಯೇ ಇತ್ತು. ಮಾವ ರಾಮನಾಥರು ತುಳಸಿಕಟ್ಟೆಗೆ ಒರಗಿದ್ದರು. ಮತ್ತಿಮರದ ಕೋವಿ ಅವರ ಎದೆಗೆ ಒರಗಿತ್ತು. ಇಬ್ಬರಲ್ಲಿ ಕೋವಿಯೇ ಹೆಚ್ಚು ಆರಾಮಾಗಿ ಕಾಣುತ್ತಿತ್ತು.

ಅದು ಗುಂಡು ಹಾರಿಸುವ ಕೋವಿಯಲ್ಲ. ಅಂಕೋಲೆಯ ಸುಗ್ಗಿ ಹಗರಣಕ್ಕೆಂದು ಮಾಡಿಸಿದ ಕಟ್ಟಿಗೆ ಕೋವಿ. ಹಗರಣವೆಂದರೆ ತರಹೇವಾರಿ ವೇಷ ಕಟ್ಟಿಕೊಂಡು, ಪೇಟೆ ತುಂಬಾ ಜನರನ್ನು ನಗಿಸುತ್ತ ಹೋಗುವ ಮೆರವಣಿಗೆ. ಅದರಲ್ಲಿ ಇವರ ಕೇರಿಯವರದು ಜಿಂಕೆ ಬೇಟೆ. ಇಪ್ಪತ್ತೆರಡು ವರ್ಷದಿಂದ ಬೇಟೆಗಾರ ಎಂದರೆ ರಾಮನಾಥರು, ಜಿಂಕೆ ಎಂದರೆ ಹುಲಿಯಾ. ಹುಲಿಯಾ ಜಿಂಕೆಯಾದ ಬಗ್ಗೆ ಊರು ನಕ್ಕು ನಕ್ಕು ಸುಸ್ತಾಗಿದೆ. ಆದರೆ ಬೇಟೆಗಾರನನ್ನು ನೋಡಿ ಒಬ್ಬರೂ ನಕ್ಕಿದ್ದಿಲ್ಲ. ಇದ್ದಿಲಿನ ಮೀಸೆ, ಖಾಕಿ ಚಡ್ಡಿ, ಹೆಗಲಿಗೆ ಕೋವಿ. ಅವರು ಕಣ್ಣು ಬಿಟ್ಟರೆ ಮಕ್ಕಳು ತಾಯಿಯ ಸೆರಗಿನೊಳಗೆ. ಉಳಿದ ಮುನ್ನೂರ ಅರವತ್ನಾಲ್ಕು ದಿನ ಗೇರುಬೀಜ ಒಣಗಿಸಿಕೊಂಡು ಕಾಗೆ ಓಡಿಸುವ ಮನುಷ್ಯನಿಗೆ ಆ ಒಂದು ದಿನ ರಾಜ್ಯಭಾರ.

ಈ ವರ್ಷ ಆ ರಾಜ್ಯಕ್ಕೆ ಕುತ್ತು ಬಂದಿತ್ತು. ಎರಡು ತಿಂಗಳ ಹಿಂದೆ ಮಾವನಿಗೆ ಹರ್ನಿಯಾ ಆಪರೇಷನ್ ಆಗಿತ್ತು. ಎರಡು ಕಿಲೋಗಿಂತ ಹೆಚ್ಚು ಭಾರ ಎತ್ತಕೂಡದು ಎಂದು ಕಾರವಾರದ ಡಾಕ್ಟರು ಹೇಳಿದ್ದರು. ಕೋವಿಯ ತೂಕ ಆರು ಕಿಲೋ.

ಮೇಳದ ಯಜಮಾನ ದತ್ತಾ ಆರೋಗ್ಯ ವಿಚಾರಿಸಲು ಬಂದ. ವಿಚಾರಿಸಿದ್ದು ಕೋವಿಯನ್ನು.

"ರಾಮನಾಥಣ್ಣಾ, ಎತ್ತೂಕೆ ಆಗ್ದೆ ಇದ್ರೆ ಸಂಕೋಚ ಬೇಡ. ನನ್ನ ಅಳಿಯ ಇದ್ದಾ. ಮೀಸೆನೂ ಸ್ವಂತದ್ದೇ."

"ಅಳಿಯನ ಕೈಗೆ ಒಂದು ಸಲ ಹೋದ ವೇಷ ತಿರುಗಿ ಬರ್ತದ್ಯೇನೋ?"

"ಅದ್ನ ಈಗೇ ಹೆಂಗೆ ಹೇಳೂದು?" ಎಂದು ದತ್ತಾ ಚಾ ಮುಗಿಸಿದ.

ಅಂದು ರಾತ್ರಿ ಮಾವ ಬಂಗಡೆ ಮುಟ್ಟಲಿಲ್ಲ. ಮನಿಷಾ ಮದುವೆಯಾಗಿ ಬಂದ ಏಳು ವರ್ಷದಲ್ಲಿ, ಆಪರೇಷನ್ನಿನ ದಿನ ಬಿಟ್ಟರೆ, ಹಾಗಾದದ್ದು ಇದೇ ಮೊದಲು. ಮೀನಿನ ಬಟ್ಟಲು ವಾಪಸು ಒಳಗೆ ತರುವಾಗಲೇ ಅವಳು ಪ್ರತಿಜ್ಞೆ ಮಾಡಿದಳು.

"ಮಾವ, ನೀವು ಕಾರವಾರಕ್ಕೆ ಮಗಳ ಮನೆಗೆ ಹೋಗಿ ಆರಾಮ ಮಾಡಿ. ಬರೂದ್ರೊಳಗೆ ಹೊಸ ಕೋವಿ ಮಾಡಿ ಇಡ್ತೆ. ಎರಡು ಕಿಲೋದ ಒಳಗೆ."

"ನೀನಾ?"

"ಅಂಗನವಾಡಿ ಮಕ್ಕಳಿಗೆ ಹಳೇ ರಟ್ಟಿನಲ್ಲಿ ವಿಮಾನ ಮಾಡಿಕೊಟ್ಟವಳು ನಾನು. ಕೋವಿ ಎಂತಾ ಮಹಾ?"

"ವಿಮಾನ ಹಾರಿತ್ತಾ?"

"ಹಾರೂಕೆ ಮಾಡಿದ್ದಲ್ಲ ಮಾವ, ತೋರ್ಸೂಕೆ."

ಅವರು ಹೋದ ಮೇಲೆ ಕೋವಿ ಕಾರ್ಖಾನೆ ಶುರುವಾಯಿತು. ಗಂಡ ರಾಜೀವ ಕದ್ರಾದ ವಿದ್ಯುತ್ ಕೇಂದ್ರದಲ್ಲಿ ಕೆಲಸಕ್ಕಿದ್ದ. ಮನೆಗೆ ಬರುವುದು ಶನಿವಾರ, ಸಲಹೆ ಬರುವುದು ದಿನಾ. ಪ್ಲಾಸ್ಟಿಕ್ ಪೈಪಿನಲ್ಲಿ ಮಾಡಲೇ ಎಂದು ಫೋನಿನಲ್ಲಿ ಕೇಳಿದಳು.

"ಮಾಡು. ಅಪ್ಪ ಪೇಟೆಗೆ ಹೋದ್ರೆ ಜನ ನಲ್ಲಿ ರಿಪೇರಿಗೆ ಕರೀತಾರೆ."

ಬಿದಿರು ಸಪೂರವಾಯಿತು. ಹಲಸು ತೂಕದಲ್ಲಿ ಹಳೆಯ ಕೋವಿಯ ತಮ್ಮನಾಯಿತು. ಕೊನೆಗೆ ಒಂದು ಬೆಳಿಗ್ಗೆ ಹಿತ್ತಲಲ್ಲಿ ಗಾಳಿಗೆ ಮುರಿದು ಬಿದ್ದ ನುಗ್ಗೆ ಕೊಂಬೆ ಕಂಡಿತು. ನೇರ ನಳಿಗೆ, ತುದಿಯಲ್ಲಿ ದಪ್ಪಗೆ ಬಾಗಿದ ಹಿಡಿ. ಒಂದೇ ಕೈಯಲ್ಲಿ ಎತ್ತಿದರೆ ಎದ್ದೇ ಬಂತು. ಮನಿಷಾ ಹುಟ್ಟಿ ಬೆಳೆದದ್ದು ಬಿಣಗಾದಲ್ಲಿ, ಹೆದ್ದಾರಿ ಬದಿಯ ಕಾರ್ಖಾನೆಯ ಮನೆಗಳ ಸಾಲಿನಲ್ಲಿ. ಅವಳ ಮಟ್ಟಿಗೆ ನುಗ್ಗೆ ಎಂದರೆ ಸಾರಿನಲ್ಲಿ ಸಿಗುವ ತುಂಡು. ಮರದ ಗುಣಾವಗುಣ ಅವಳಿಗೇನು ಗೊತ್ತು? ಹಗುರ ಇದೆ, ಆಯಿತಲ್ಲ!

ಹಿಡಿಯನ್ನು ಕತ್ತಿಯಿಂದ ಕೆತ್ತಿದಳು, ಮರಳು ಕಾಗದದಿಂದ ಉಜ್ಜಿದಳು. ಬೆರಳಿನಿಂದ ಎಳೆಯುವ ಕುದುರೆಗೆ ಹ್ಯಾಂಗರಿನ ತಂತಿ, ಹೆಗಲಿಗೆ ಸ್ವಾತಿಯ ಹಳೆಯ ಶಾಲೆ ಚೀಲದ ಪಟ್ಟಿ. ತೂಕ ನೋಡಲು ಅಂಗನವಾಡಿಗೆ ಒಯ್ದು, ಶಿಶುಗಳನ್ನು ತೂಗುವ ಜೋಳಿಗೆಯಲ್ಲಿ ಮಲಗಿಸಿದಳು. ಒಂದು ಕಿಲೋ ಎಂಟುನೂರು ಗ್ರಾಂ. ಚಾರ್ಟಿನ ಪ್ರಕಾರ ತೀವ್ರ ಅಪೌಷ್ಟಿಕತೆ. ಅಪೌಷ್ಟಿಕತೆ ಕಂಡು ಕುಣಿಯುವಷ್ಟು ಖುಷಿಪಟ್ಟ ಅಂಗನವಾಡಿ ಟೀಚರು ಇಡೀ ಜಿಲ್ಲೆಯಲ್ಲಿ ಅವಳೊಬ್ಬಳೇ ಇದ್ದಾಳು.

ಆದರೆ ಕೆತ್ತಿ ಉಳಿದ ತುಂಡೊಂದು ಬಿಸಿಲಿಗೆ ಫಟ್ಟೆಂದು ಸೀಳಿತು. ಕೋವಿಯೂ ಹೀಗೇ ಸೀಳಿದರೆ? ತಲೆ ಓಡಿಸಿದಳು. ನಳಿಗೆಯ ಸಿಪ್ಪೆ ತೆಗೆಯದೆ ಹಾಗೇ ಬಿಟ್ಟಳು. ಬಣ್ಣವೂ ಕೋವಿಯಂತೆಯೇ ಇತ್ತು. ಒದ್ದೆ ಗೋಣಿಚೀಲದಲ್ಲಿ ಸುತ್ತಿ ಬಚ್ಚಲುಮನೆಯ ಕಿಟಕಿಯ ಕೆಳಗೆ ನಿಲ್ಲಿಸಿದಳು. ಬೆಳಿಗ್ಗೆ ಒಂದು ತಂಬಿಗೆ, ಸಂಜೆ ಒಂದು ತಂಬಿಗೆ ನೀರು. ಕೋವಿಗೆ ಇಷ್ಟು ಆರೈಕೆ ಯಾವ ಸೈನ್ಯದಲ್ಲೂ ಇರಲಾರದು.

ಎರಡನೇ ಶನಿವಾರ ರಾಜೀವ ಬಂದು ಗೋಣಿ ಸರಿಸಿ ನೋಡಿದ.

"ಏಯ್, ನಿನ್ನ ಕೋವಿಗೆ ಮೊಡವೆ ಬಂದದೆ."

ನೋಡಿದರೆ ನಳಿಗೆಯ ಉದ್ದಕ್ಕೂ ಹಸಿರು ಗುಳ್ಳೆ! ಫಂಗಸ್ ಎಂದುಕೊಂಡು ಮನಿಷಾ ಚಾಕುವಿನಿಂದ ಕೆರೆದು, ಮೇಲಿಂದ ಕಪ್ಪು ಬೂಟ್ ಪಾಲಿಶ್ ಬಳಿದಳು.

"ಒಂದು ಸಲ ಅಪ್ಪನ ಹತ್ರ ಕೇಳು."

"ಎಲ್ಲಾ ಅಪ್ಪನ ಹತ್ರ ಕೇಳೂದಾದ್ರೆ ನಾ ಎಂತಕ್ಕೆ ಮಾಡೂದು?"

ಮತ್ತೆ ಗೋಣಿ ಸುತ್ತಿ, ಈ ಸಲ ಹಗ್ಗ ಬಿಗಿದಳು. ದತ್ತಾ ನೋಡಲು ಬಂದಾಗಲೂ ಬಿಚ್ಚಲಿಲ್ಲ. "ಹಗರಣದ ದಿನವೇ ನೋಡಿ ದತ್ತಾಣ್ಣ. ನಿಮ್ಮ ಅಳಿಯನಿಗೆ ಬೇರೆ ವೇಷ ಹುಡುಕಿಡಿ" ಎಂದಳು. ಬಿಚ್ಚದೆಯೇ ಮತ್ತೆ ಎಂಟು ದಿನ ನೀರು ಹೊಯ್ದಳು.

ಹಗರಣದ ಮುನ್ನಾದಿನ ಮಾವ ಬಂದರು. ಗಂಟನ್ನು ಬಿಚ್ಚದೆ ಹಾಗೇ ಎತ್ತಿ ನೋಡಿದರು, ಹೆಗಲಿಗೆ ಹಾಕಿದರು, ಇಳಿಸಿದರು, ಮತ್ತೆ ಹಾಕಿದರು. ಮುಖದಲ್ಲಿ ಇಪ್ಪತ್ತೆರಡು ವರ್ಷದ ಹಿಂದಿನ ಬೇಟೆಗಾರ ಬಂದು ಕೂತ. "ಬಿಚ್ಲಾ?" ಎಂದರು. "ನಾಳೆ ವೇಷ ಆದ್ಮೇಲೆ, ನನ್ನ ಕೈಯಿಂದ" ಎಂದಳು ಮನಿಷಾ. ಉದ್ಘಾಟನೆ ಎಂದರೆ ಸುಮ್ಮನೆಯೇ?

ಮರುದಿನ ಪೇಟೆಯಲ್ಲಿ ಕಾಲಿಡಲು ಜಾಗವಿರಲಿಲ್ಲ. ಮುಂದಿನ ಮೇಳ ಆಗಲೇ ಹೊರಟಿತ್ತು. ದತ್ತಾ ಸೀಟಿ ಊದಿದ. ಇದ್ದಿಲಿನ ಮೀಸೆಯ ಮಾವ ಕೈ ಚಾಚಿದರು. ಮನಿಷಾ ಹಗ್ಗ ಸೆಳೆದು ಗೋಣಿ ಸರಿಸಿದಳು.

ಕೋವಿ ಚಿಗುರಿತ್ತು.

ಒಂದೆರಡು ಕಡೆಯಲ್ಲ. ಕೆರೆದ ಜಾಗದಲ್ಲೆಲ್ಲ ಒಂದಕ್ಕೆ ಮೂರರಂತೆ ಕುಡಿ ಒಡೆದು, ನಳಿಗೆಯ ತುದಿಯಲ್ಲಿ ಗೇಣುದ್ದದ ಎಳೆ ಸೊಪ್ಪು ಗಾಳಿಗೆ ತಲೆ ಆಡಿಸುತ್ತಿತ್ತು.

"ಇದು ಕೋವಿಯಾ, ಪಲ್ಯಕ್ಕೆ ತಂದದ್ದಾ?" ಎಂದ ದತ್ತಾ. ಅವನ ಅಳಿಯ ಸ್ವಂತ ಮೀಸೆಯ ಸಮೇತ ಒಂದು ಹೆಜ್ಜೆ ಮುಂದೆ ಬಂದ.

ಮಾವ ಮನಿಷಾಳನ್ನು ನೋಡಿದರು. ಕೋವಿಯನ್ನು ನೋಡಿದರು. ಹೆಗಲಿಗೇರಿಸಿ ಜನರ ನಡುವೆ ಹೊರಟೇಬಿಟ್ಟರು. ಸೊಪ್ಪು ಕೀಳಲೂ ಹೊತ್ತಿರಲಿಲ್ಲ. ಮನಿಷಾ ಅಂಗಡಿಯ ಕಂಬದ ಹಿಂದೆ ಸೇರಿಕೊಂಡಳು. ಇನ್ನು ಊರು ಮಾವನನ್ನು ನೋಡಿ ನಗುತ್ತದೆ, ಮೇಳ ವೇಷ ಕಿತ್ತುಕೊಳ್ಳುತ್ತದೆ. ಎರಡಕ್ಕೂ ಕಾರಣ ಅವಳು.

ಜಿಂಕೆ ಹುಲಿಯಾ ಒಣಕಡ್ಡಿಯ ಕೋಡು ಕಟ್ಟಿಕೊಂಡು ನಾಲ್ಕು ಕಾಲಿನಲ್ಲಿ ಹಾರುತ್ತ ಬಂದ. ಬೇಟೆಗಾರ ಗುರಿ ಇಟ್ಟ. ಈಗ ಜಿಂಕೆ ನಡುಗಬೇಕು, ಬೀಳಬೇಕು, ಒದ್ದಾಡಬೇಕು. ಇಪ್ಪತ್ತೆರಡು ವರ್ಷದಿಂದ ನಡೆದದ್ದು ಅದೇ.

ಹುಲಿಯಾ ನಡುಗಲಿಲ್ಲ. ಮೂಗು ಎತ್ತಿ ಮೂಸಿದ. ಒಂದೊಂದೇ ಹೆಜ್ಜೆ ಇಟ್ಟು ಹತ್ತಿರ ಬಂದ. ಕತ್ತು ಚಾಚಿ, ತನ್ನ ಎದೆಗೆ ಗುರಿಯಿಟ್ಟ ಕೋವಿಯನ್ನು ತಿನ್ನತೊಡಗಿದ.

ಪೇಟೆಯಲ್ಲಿ ಎದ್ದ ನಗೆ ಬೇಲೆಕೇರಿ ಬಂದರಿಗೆ ಕೇಳಿಸಿರಬೇಕು. ಐಸ್‌ಕ್ಯಾಂಡಿಯವನು ಗಾಡಿ ಬಿಟ್ಟು ಓಡಿಬಂದ. ನೂರು ಮೊಬೈಲು ಮೇಲೆದ್ದವು. ಇದ್ದಿಲು ಮೀಸೆಯ ಬೇಟೆಗಾರ ಕಲ್ಲಿನಂತೆ ನಿಂತಿದ್ದ. ಮನಿಷಾ ಸೆರಗಿನಿಂದ ಮುಖ ಮುಚ್ಚಿಕೊಂಡಳು.

"ಅಮ್ಮಾ, ನೋಡು, ನೋಡು" ಎಂದು ಸ್ವಾತಿ ಸೆರಗು ಜಗ್ಗಿದಳು.

ಮಾವ ನಳಿಗೆಯನ್ನು ಮೆಲ್ಲಗೆ ತಗ್ಗಿಸುತ್ತಿದ್ದರು. ಮೇಲಿನ ಸೊಪ್ಪು ಜಿಂಕೆಗೆ ಎಟುಕುತ್ತಿರಲಿಲ್ಲ. ತಗ್ಗಿಸಿ, ಹಿಡಿಯ ಹತ್ತಿರದ ಒಂದು ಕುಡಿಯನ್ನು ತಾವೇ ಕಿತ್ತು ಅದರ ಬಾಯಿಗೆ ಕೊಟ್ಟರು. ಇನ್ನೊಂದನ್ನು ಕಿತ್ತು, ಸುತ್ತಮುತ್ತ ಕಳ್ಳನೋಟ ಬೀರಿ, ತಮ್ಮ ಬಾಯಿಗೆ ಹಾಕಿಕೊಂಡರು. ಜನ ಒಬ್ಬರ ಮೇಲೊಬ್ಬರು ಬಿದ್ದು ನಕ್ಕರು. ಪೇಟೆಯ ಆ ತುದಿಯವರೆಗೆ ಹನ್ನೊಂದು ಸಲ ಅದನ್ನೇ ಆಡಿಸಿದರು. ಕೊನೆಯ ಸಲಕ್ಕೆ ಸೊಪ್ಪು ಮುಗಿದು ಹುಲಿಯಾ ಬರೀ ಕಟ್ಟಿಗೆ ಕಚ್ಚಿದ.

ಸಂಜೆ ಮಾವ ಮನೆಗೆ ಬಂದು, ಬಚ್ಚಲಲ್ಲಿ ಬಹಳ ಹೊತ್ತು ಮೀಸೆ ಉಜ್ಜಿದರು. ಮನಿಷಾ ಟವೆಲು ಹಿಡಿದು ಬಾಗಿಲಲ್ಲಿ ಕಾದಳು.

"ಮಾವ, ತಪ್ಪಾಯ್ತು. ಅದು ಚಿಗುರೂ ಮರ ಅಂತ ಗೊತ್ತಿರ್ಲಿಲ್ಲ."

"ದತ್ತಾ ಹೇಳ್ದಾ, ನಾ ಇರೂವರೆಗೆ ವೇಷ ನಂದೇ ಅಂತೆ."

ಮನಿಷಾಳ ಎದೆಯಿಂದ ಹಳೆಯ ಕೋವಿಯಷ್ಟೇ ಭಾರ ಇಳಿಯಿತು. ಇಳಿದ ಜಾಗಕ್ಕೆ ತಕ್ಷಣ ಸ್ವಲ್ಪ ಜಂಬ ಏರಿತು.

"ಕೋವಿ ಮಾಡಿದ್ದು ಯಾರು ಅಂತ ಕೇಳ್ಳಿಲ್ವಾ?"

"ಕೇಳ್ದಾ." ಮಾವ ಮುಖ ಒರೆಸಿಕೊಂಡರು. ಒರೆಸಿದ್ದನ್ನೇ ಮತ್ತೆ ಒರೆಸಿದರು. "ಸೊಪ್ಪು ಬರ್ಸೂ ಉಪಾಯ ಯಾರದ್ದು ಅಂದಾ. ನಂದು ಅಂದೆ."

ಮನಿಷಾ ಟವೆಲನ್ನು ಅವರ ಕೈಯಿಂದ ಎಳೆದುಕೊಂಡಳು.

"ಬಾಯಿಗೆ ಬಂದೋಯ್ತು. ಈಗ ಅಂವ ನಾಳೆ ಬೆಳಿಗ್ಗೆ ಬತ್ತಾ, ಹೇಗೆ ಮಾಡೂದು ಅಂತ ಕಲಿಯೂಕೆ. ಒಂದು ಉಪಕಾರ ಮಾಡು ತಂಗೀ" ಎಂದು ಮಾವ ದನಿ ತಗ್ಗಿಸಿದರು. "ನೀನು ಎಂತೆಂತಾ ತಪ್ಪು ಮಾಡ್ದೆ, ಸಾಲಾಗಿ, ಒಂದೂ ಬಿಡದೆ, ಚೀಟಿಯಲ್ಲಿ ಬರ್ದುಕೊಡು."