ಅಮೆರಿಕದ ಹಮಾಲಿ

ಕಂಪ್ಯೂಟರಿನಲ್ಲಿ ಕೊಂಡ ಸಾಮಾನು ಕಂಪ್ಯೂಟರಿನ ಪಕ್ಕದಿಂದಲೇ ಹೊರಗೆ ಬರುತ್ತದೆಂದು ಗುರುಪ್ರಕಾಶ ಮನಸಾರೆ ನಂಬಿದ್ದ. ಫ್ಯಾಕ್ಸ್ ಬರುವುದಿಲ್ಲವೇ, ಹಾಗೆ! ಅದಕ್ಕೇ 1999ರ ಶ್ರಾವಣದಲ್ಲಿ ಶಿವಮೊಗ್ಗದ ಕಂಪ್ಯೂಟರ್ ಸೆಂಟರಿಗೆ ಹೋಗುವಾಗ ಅವನ ಕಂಕುಳಲ್ಲಿ ಒಂದು ಖಾಲಿ ಗೋಣಿಚೀಲವಿತ್ತು. ಆರ್ಡರ್ ಮುಗಿದ ಮೇಲೂ ಚೀಲದ ಬಾಯಿ ಬಿಡಿಸಿಕೊಂಡು ಕೂತಿದ್ದವನನ್ನು ನೋಡಿ ಸೆಂಟರಿನವನು, ಸಾಮಾನು ಅಮೆರಿಕದಿಂದ ಬರಬೇಕು, ಎರಡು ತಿಂಗಳಾದರೂ ಆದೀತು ಎಂದು ಸಮಾಧಾನ ಹೇಳಿ ಕಳಿಸಿದ.

ತರಿಸಿದ್ದು ಕಾಲು ಒತ್ತುವ ಯಂತ್ರ. ಮದುವೆಯಾದ ಮೊದಲ ದೀಪಾವಳಿಗೆ ಮಾವನ ಮನೆಗೆ ಹೋಗಿ, ಉಂಡು, ಕೊಟ್ಟದ್ದನ್ನು ಕಟ್ಟಿಕೊಂಡು ಬರುವ ಅಳಿಯಂದಿರು ಬೀದಿಗೆ ಹತ್ತಾರು ಮಂದಿ ಸಿಗುತ್ತಾರೆ. ಮಾವನಿಗೇ ಅಮೆರಿಕದ ಉಡುಗೊರೆ ಒಯ್ದ ಅಳಿಯ ಶಿಕಾರಿಪುರ, ಸೊರಬ ಎರಡೂ ತಾಲ್ಲೂಕಿಗೆ ತಾನೊಬ್ಬನೇ ಆಗಬೇಕೆಂಬುದು ಅವನ ಪಣ. ಮಾವ ಶಿವಮೂರ್ತಪ್ಪನವರು ಸೊರಬದ ತಮ್ಮ ಬಟ್ಟೆ ಅಂಗಡಿಯಲ್ಲಿ ದಿನವಿಡೀ ನಿಂತು ನಿಂತು ಕಾಲುನೋವು ತಂದುಕೊಂಡಿದ್ದರು. ಪರದೆಯ ಮೇಲೆ ಕಂಡ ಬೆಲೆಯೂ ಸೋವಿ.

ಗುರುಪ್ರಕಾಶ ಶಿಕಾರಿಪುರದ ಮಂಡಿಯೊಂದರಲ್ಲಿ ಗುಮಾಸ್ತ. ಹರಾಜಿನಲ್ಲಿ ಕೂಗಿದ ರೇಟೆಲ್ಲ ಕೈಗೆ ಬರುವುದಿಲ್ಲ, ನಡುವೆ ಚೀಲ ಹೊತ್ತವರ ಹಮಾಲಿ ಇದೆ, ತೂಕದ ಕೂಲಿ ಇದೆ, ಚೀಲದ ವಜಾ ಇದೆ ಎಂದು ರೈತರಿಗೆ ದಿನವೂ ತಿಳಿಹೇಳಿ ಗಂಟಲು ಒಣಗಿಸಿಕೊಳ್ಳುವುದೇ ಅವನ ಉದ್ಯೋಗ. ಅಂಥವನು ತನ್ನ ಪಾಲಿಗೆ ಮಾತ್ರ ಕೂಗಿದ ರೇಟೇ ರೇಟು ಎಂದು ನಂಬಿಬಿಟ್ಟ!

ಮೊದಲು ಬಂದದ್ದು ಸಾಗಣೆ ವೆಚ್ಚ. ಅದು ಯಂತ್ರದ ಬೆಲೆಯನ್ನು ಸಲೀಸಾಗಿ ದಾಟಿತು. ಆಮೇಲೆ, ಸೆಂಟರಿನವನು ತನ್ನ ಭಾವನ ಕ್ರೆಡಿಟ್ ಕಾರ್ಡಿನಿಂದ ಹಣ ಕಟ್ಟಿಸಿದ್ದಕ್ಕೆ ಅವನ ಕಮಿಷನ್. ಪಾರ್ಸಲ್ ಬಂತೆಂದು ಅಂಚೆ ಕಚೇರಿಗೆ ಕುಣಿಯುತ್ತ ಹೋದರೆ, ಕಸ್ಟಮ್ಸ್ ಸುಂಕ ಕಟ್ಟಿದ ಮೇಲೇ ಡಬ್ಬ ಎಂದರು. ಅಷ್ಟು ಹಣ ಅವನ ಬಳಿ ಇರಲಿಲ್ಲ. ಬೆರಳಲ್ಲಿ, ಮದುವೆಯಲ್ಲಿ ಮಾವ ತೊಡಿಸಿದ ಉಂಗುರವಿತ್ತು. ಅದು ಆ ಸಂಜೆಯೇ ಗಿರವಿ ಅಂಗಡಿ ಸೇರಿತು.

ಅಂಜನಾಪುರದ ಹುಲಿಯಪ್ಪ ಭತ್ತ ಹಾಕಲು ಮಂಡಿಗೆ ಬಂದಿದ್ದವನು ಈ ಕತೆಯನ್ನೆಲ್ಲ ಕೇಳಿಸಿಕೊಂಡ. ವರ್ಷಗಟ್ಟಲೆ ಕಾದಿದ್ದ ಗಳಿಗೆ ಬಂದವನಂತೆ ನಿಧಾನವಾಗಿ ಎಲೆಯಡಿಕೆ ಮೆಲ್ಲುತ್ತ ಕೇಳಿದ:

"ಅಮೆರಿಕದಾಗೂ ಹಮಾಲಿ ಐತೇನ್ರಿ ಗುಮಾಸ್ತರೇ?"

ಮನೆಯಲ್ಲಿ ಡಬ್ಬ ಬಿಚ್ಚಿದರೆ ಪ್ಲಗ್ಗಿನ ಕಡ್ಡಿಗಳು ಚಪ್ಪಟೆ, ನಮ್ಮ ಗೋಡೆಯ ದುಂಡು ತೂತಿಗೆ ಹೋಗವು. ಅಮೆರಿಕದ ಯಂತ್ರಕ್ಕೆ ನಮ್ಮ ಕರೆಂಟು ದುಪ್ಪಟ್ಟು ಖಾರವಂತೆ, ನೇರ ಕೊಟ್ಟರೆ ಸುಟ್ಟೀತು ಎಂದ ರೇಡಿಯೋ ರಿಪೇರಿಯವನು, ಕರೆಂಟು ಇಳಿಸುವ ಟ್ರಾನ್ಸ್‌ಫಾರ್ಮರ್ ಒಂದನ್ನು ಕಟ್ಟಿಕೊಟ್ಟ. ಅದು ಯಂತ್ರಕ್ಕಿಂತ ಭಾರ. ಬಿಲ್ಲೂ ಅಷ್ಟೇ ಭಾರ.

ತವರಿನಲ್ಲಿ ಉಂಗುರದ ಮಾತು ಎತ್ತಬಾರದೆಂದು ಗುರುಪ್ರಕಾಶ ಹೆಂಡತಿ ನೀಲಾಂಬಿಕಳ ಮುಂದೆ ಗೋಗರೆದ. ಬೆರಳಿಗೆ ಬಿಗಿಯಾಯಿತು, ಅಕ್ಕಸಾಲಿಗೆ ಕೊಟ್ಟಿದೆ ಎಂಬ ಸಬೂಬನ್ನೂ ಸಿದ್ಧಮಾಡಿಕೊಂಡಿದ್ದ.

"ನಾನಾಗಿ ಬಾಯಿ ಬಿಡಲ್ಲ. ಅಪ್ಪಾಜಿ ಕೇಳಿದ್ರೆ ಮಾತ್ರ ಸುಳ್ಳು ಹೇಳಲ್ಲ, ಈಗ್ಲೇ ಹೇಳಿದೀನಿ ನೋಡ್ರೀ," ಎಂದಳು ಅವಳು.

ಸೊರಬದ ಬಸ್ಸಿನಲ್ಲಿ ಕಂಡಕ್ಟರ್ ಟ್ರಾನ್ಸ್‌ಫಾರ್ಮರನ್ನು ಕಾಲಿನಿಂದ ತಳ್ಳಿ ನೋಡಿದ. ಅದು ಜಗ್ಗಲಿಲ್ಲ. ಅದಕ್ಕೂ ಲಗೇಜ್ ಟಿಕೆಟ್ ಹರಿದ.

ಹಬ್ಬದ ದಿನ ನೆಂಟರೆಲ್ಲ ಸುತ್ತ ಕೂತಿರಲು ಮಾವನವರ ಪಾದಗಳು ಯಂತ್ರವನ್ನೇರಿದವು. ಯಂತ್ರ ಗುರ್ರೆಂದಿತು. ಮಾವನವರ ಗಲ್ಲ, ಹೊಟ್ಟೆ, ಹೆಗಲ ಮೇಲಿನ ಶಲ್ಯ ಎಲ್ಲವೂ ನಡುಗಿದವು.

"ಚೆನ್ನಾಗಿದೆ ಅಳಿಯಂದ್ರೇ. ಥೇಟ್ ಶಿಕಾರಿಪುರದ ಬಸ್ಸಲ್ಲಿ ಹಿಂದಿನ ಸೀಟಲ್ಲಿ ಕೂತ ಹಾಗೆ."

ಅಷ್ಟರಲ್ಲಿ ಕರೆಂಟು ಹೋಯಿತು. ಅಳಿಯನ ಮರ್ಯಾದೆಗಾಗಿ ಮಾವನವರು ಮಾತ್ರ ನಿಂತ ಯಂತ್ರದ ಮೇಲಿಂದ ಕಾಲು ತೆಗೆಯಲಿಲ್ಲ. ಹಾಗೇ ಕೂತು, ಜೇಬಿನಿಂದ ಹೊಸ ಗಡಿಯಾರ ತೆಗೆದು, ಮೊದಲ ಹಬ್ಬದ ಉಡುಗೊರೆ, ಕೈ ನೀಡಿ ಎಂದರು. ಇಷ್ಟು ಒಳ್ಳೆಯ ಮನುಷ್ಯನಿಗೆ ಸುಳ್ಳು ಹೇಳುವುದು ಹೇಗೆಂದುಕೊಳ್ಳುತ್ತಲೇ ಗುರುಪ್ರಕಾಶ ಕೈ ನೀಡಿದ. ಗಡಿಯಾರ ಕಟ್ಟುತ್ತಿದ್ದ ಮಾವನವರ ಕಣ್ಣು ಬೋಳು ಬೆರಳಿನ ಮೇಲೆ ನಿಂತಿತು.

"ನಾನು ತೊಡಿಸಿದ ಉಂಗುರ ಎಲ್ಲಿ?"

ಅಕ್ಕಸಾಲಿ ಗುರುಪ್ರಕಾಶನ ನಾಲಗೆಯ ತುದಿಯವರೆಗೂ ಬಂದ, ಹೊರಗೆ ಬರಲೊಲ್ಲ. ಮಾವನವರು ಮಗಳ ಕಡೆ ತಿರುಗಿದರು.

ನೀಲಾಂಬಿಕ ಕೆಳಗೆ ಬೆರಳು ತೋರಿಸಿದಳು.

"ನೀವು ಕಾಲಿಟ್ಟಿರೋದೇ ಅದ್ರ ಮೇಲೆ, ಅಪ್ಪಾಜಿ."